ಕಾರ್ಮಿನ್ ಬಾಯಿಗೆ ಕೇಳಿಸಿದ ಹಲೋ

ಬಿಕರ್ನಕಟ್ಟೆಗೆ ಬೆಳಗಿನ ಮೊದಲ ಸಿಟಿ ಬಸ್ಸು ಇನ್ನೂ ಬಂದಿಲ್ಲ. ಇಲ್ಲಿಯವರು ಇಗರ್ಜಿ ಎನ್ನುವ ಚರ್ಚಿನ ಗಂಟೆ ಬಾರಿಸಿ ನಿಂತಿದೆ. ಇಳಿಜಾರಿನ ಹೆಂಚಿನ ಮನೆಯೊಂದರ ಜಗಲಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಕೊಂಕಣಿಯಲ್ಲಿ ಒಂದು ಕೀರ್ತನೆ ಹಾಡುತ್ತಿದ್ದಾರೆ. ಚರಣ ಮುಗಿದೊಡನೆ ತುಟಿ ಮುಚ್ಚಿ ಒಂದೇ ಸ್ವರವನ್ನು ಉದ್ದಕ್ಕೆ ಗುನುಗುತ್ತಾರೆ. ತಲೆ ಅಲ್ಲಾಡಿಸುತ್ತಾರೆ. ಮತ್ತೆ ಅದೇ ಧಾಟಿಯ ಇನ್ನೊಂದು ಚರಣ. ಈ ಸಲ ಕೂದಲೆಳೆಯಷ್ಟು ಮೇಲೆ. ಮತ್ತೆ ಗುನುಗು, ಮತ್ತೆ ತಲೆ ಅಲ್ಲಾಡಿಸುವುದು.

ಇದು ತಪಸ್ಸಿನ ಕಾಲ. ಈಸ್ಟರಿಗೆ ಮುಂಚಿನ ಈ ವಾರಗಳಲ್ಲಿ ಇಲ್ಲಿಯ ಕ್ರೈಸ್ತರ ಮನೆಗಳಲ್ಲಿ ಮದುವೆಯಿಲ್ಲ, ಗೌಜಿಯಿಲ್ಲ, ಪ್ರಾರ್ಥನೆ ಹೆಚ್ಚು. ಪತ್ರಿಕೆಗೆ ಬರೆಯಲೆಂದು ಬೆಳ್ಳಂಬೆಳಗ್ಗೆ ಬಂದು ತೊಂದರೆ ಕೊಟ್ಟೆನಲ್ಲ ಎಂದು ನಾನು ಅಂಗಳದಲ್ಲೇ ಚಪ್ಪಲಿ ಕಳಚಿ ನಿಲ್ಲುತ್ತೇನೆ. ಮೆಟ್ಟಿಲ ಮೇಲೆ ಕುಳಿತು ಚಾ ಕುಡಿಯುತ್ತಿದ್ದ ಗಂಡಸು ಲೋಟ ಎತ್ತಿ ಕರೆಯುತ್ತಾರೆ.

"ಬನ್ನಿ, ಬನ್ನಿ. ಅದು ಪ್ರಾರ್ಥನೆ ಅಲ್ಲ ಮಾರಾಯ್ರೆ. ಬಾಯ್ ಫೋನ್ ರಿಪೇರಿ ಮಾಡುದು."

ಇವರು ಸೆವರಿನ್. ಹಾಡುತ್ತಿರುವವರು ಅವರ ಅಕ್ಕ ಕಾರ್ಮಿನ್. ಮನೆಯೊಳಗೆ ಕೊಂಕಣಿಯಲ್ಲಿ ಬಾಯ್, ಊರಿಗೆಲ್ಲ ಕಾರ್ಮಿನ್ ಬಾಯಿ, ಇಗರ್ಜಿಯ ಹಾಡುಗಾರರಲ್ಲಿ ಕೆಳದನಿಯ ಸಾಲಿನವರು. ಈ ಮನೆಯ ಮುಂದಿನ ಕೋಣೆಯೇ ಸೆವರಿನರ ರೇಡಿಯೋ, ಟೀವಿ ರಿಪೇರಿ ಅಂಗಡಿ. ಬೋರ್ಡಿನಲ್ಲಿರುವುದು ತಮ್ಮನ ಹೆಸರು. ಆದರೆ ಗಲ್ಫಿನಿಂದ ಬಂದ ತಂತಿಯಿಲ್ಲದ ಫೋನು ಹಾಳಾದರೆ ಅದನ್ನು ಬದುಕಿಸುವವರು ಅಕ್ಕ. ಉರ್ವದಿಂದ, ಕದ್ರಿಯಿಂದ ಫೋನು ಹೊತ್ತು ತಂದವರು ಬೋರ್ಡು ಓದಿ, ತಮ್ಮನಿಗೆ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಅಕ್ಕನಿಗೆ ಅದರಿಂದ ಬೇಸರವಿಲ್ಲ. ತಮ್ಮನಿಗೆ ಸ್ವಲ್ಪ ಇದ್ದ ಹಾಗೆ ಕಾಣುತ್ತದೆ.

ಜಗಲಿಯ ಮೇಜಿನ ಮೇಲಿನ ಸಾಮಾನು ನೋಡಿದ ಮೇಲೆ ನಾನು ಸೆವರಿನರ ಮಾತು ನಂಬಬೇಕಾಗುತ್ತದೆ. ಗೋಡೆಯ ಟೆಲಿಫೋನ್ ತಂತಿಗೆ ಸಿಕ್ಕಿಸುವ ಕೆನೆ ಬಣ್ಣದ ಒಂದು ಪೆಟ್ಟಿಗೆ, ಬೇಸ್ ಎಂದು ಅದರ ಹೆಸರು. ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡುವ, ಕಡ್ಡಿ ಎಳೆದರೆ ಉದ್ದವಾಗುವ ಕಪ್ಪು ಹ್ಯಾಂಡ್‌ಸೆಟ್ಟು ಒಂದು. ಸತ್ತ ಟೀವಿಯ ಒಳಗಿನ ಭಾಗ ಕಿತ್ತು ಬಿಸ್ಕತ್ತಿನ ಡಬ್ಬಿಯಲ್ಲಿ ಸೆವರಿನ್ ಕಟ್ಟಿಕೊಟ್ಟ ರಿಸೀವರು. ಪಕ್ಕದಲ್ಲಿ ಸ್ವೆಟರ್ ಹೆಣೆಯುವ ಪ್ಲಾಸ್ಟಿಕ್ ಕಡ್ಡಿ, ತುದಿಯನ್ನು ಕಲ್ಲಿಗೆ ತಿಕ್ಕಿ ಚಪ್ಪಟೆ ಮಾಡಿದ್ದು. ಕಬ್ಬಿಣದ ಸ್ಕ್ರೂಡ್ರೈವರು ಹತ್ತಿರ ಬಂದರೆ ಸಾಕು, ಸ್ವರ ಬದಲಾಗುತ್ತದಂತೆ.

ಸ್ವರ ಎಂದರೆ ಏನು ಎಂದು ನನಗೆ ಅರ್ಥವಾಗಲು ಒಂದು ಲೋಟ ಚಾ ಬೇಕಾಯಿತು. ತಂತಿಯಿಲ್ಲದ ಫೋನಿನ ಹ್ಯಾಂಡ್‌ಸೆಟ್ಟು, ನಮಗೆ ಕೇಳಿಸದ ಹಾಗೆ, ಒಂದು ಸಣ್ಣ ಸ್ವರವನ್ನು ಗಾಳಿಯಲ್ಲಿ ಕೂಗುತ್ತ ಇರುತ್ತದೆ; ಅದನ್ನು ಕಿವಿಗೆ ಕೇಳಿಸುವುದು ಬಿಸ್ಕತ್ತಿನ ಡಬ್ಬಿಯ ರಿಸೀವರು. ತನ್ನ ಹ್ಯಾಂಡ್‌ಸೆಟ್ಟಿನ ಸ್ವರ ಕೇಳಿದರೆ ಮಾತ್ರ ಬೇಸ್ ಬಾಗಿಲು ತೆರೆಯುತ್ತದೆ. ಪಕ್ಕದ ಮನೆಯವರದು ಕೂಗಿದರೆ ಸುಮ್ಮನೆ ಕೂರುತ್ತದೆ. ಪ್ರತಿ ಕಂಪೆನಿಗೂ ಅದರದೇ ಸ್ವರ, ಅದರದೇ ಗುಟ್ಟು. ಡಬ್ಬಿಯಲ್ಲಿ ಬರುವ ಪುಸ್ತಿಕೆಯಲ್ಲಿ ಬ್ಯಾಟರಿ ಹಾಕುವುದು ಹೇಗೆಂದು ಆರು ಭಾಷೆಗಳಲ್ಲಿ ಇದೆ, ಸ್ವರ ಯಾವುದೆಂದು ಒಂದರಲ್ಲೂ ಇಲ್ಲ.

"ಹೇಳದಿದ್ರೆ ಬೇಡ," ಎನ್ನುತ್ತಾರೆ ಕಾರ್ಮಿನ್ ಬಾಯಿ, ಹಾಡಿನ ನಡುವೆ ಒಂದು ಕಣ್ಣು ಮಾತ್ರ ತೆರೆದು. "ಕೂಗುದಂತೂ ಕೂಗ್ತದಲ್ಲ. ನಾವು ಕೇಳಿದ್ರಾಯ್ತು."

ಸೆಟ್ಟಿನ ಒಂದು ಭಾಗ ಕೆಟ್ಟರೆ ಇನ್ನೊಂದು ಭಾಗ ಮೂಲೆ ಸೇರಬೇಕು. ಬಿಡಿಭಾಗ ಇಲ್ಲಿ ಸಿಗುವುದಿಲ್ಲ, ಕಂಪೆನಿಗೆ ಬರೆದರೆ ಉತ್ತರ ಬರುವುದಿಲ್ಲ. ಅಂಥ ಕಡೆ ಇನ್ನೊಂದು ಕಂಪೆನಿಯ ಅರ್ಧವನ್ನು ತಂದು, ಅದಕ್ಕೆ ಈ ಕಂಪೆನಿಯ ಸ್ವರ ಕಲಿಸಿ, ಎರಡನ್ನೂ ಮಾತಾಡಿಸುವುದೇ ಕಾರ್ಮಿನ್ ಬಾಯಿಯ ಕೆಲಸ. ವಾರಕ್ಕೆ ಎರಡೋ ಮೂರೋ ಬರುತ್ತವೆ, ಗಲ್ಫಿನವರು ರಜೆಗೆ ಬರುವ ತಿಂಗಳಲ್ಲಿ ಜಾಸ್ತಿ. "ಮದುವೆ ದಲ್ಲಾಳಿ ಕೆಲಸ," ಎಂದು ಸೆವರಿನ್ ನಗುತ್ತಾರೆ. "ಜಪಾನಿನ ಹುಡುಗ, ತೈವಾನಿನ ಹುಡುಗಿ." ಬೆಳಗ್ಗೆ ಏಳರ ಒಳಗೇ ಮಾಡಬೇಕಾದ ಕೆಲಸ ಇದು. ಆಮೇಲೆ ಅಕ್ಕಪಕ್ಕದ ಮಿಕ್ಸಿ, ಪಂಪು, ಟ್ಯೂಬ್‌ಲೈಟುಗಳೆಲ್ಲ ಎದ್ದು ರಿಸೀವರಿನಲ್ಲಿ ಬರೀ ಕರಕರ.

ಇವತ್ತು ಮೇಜಿನ ಮೇಲಿರುವ ಕೆನೆ ಬಣ್ಣದ ಬೇಸು ಕದ್ರಿಯದು. ಅಲ್ಲಿ ಸಂಕಪ್ಪ ಆಳ್ವರ ಹೋಟೆಲು. ಬನ್ಸ್, ಗೋಳಿಬಜೆ ತಿನ್ನಲು ಆಫೀಸಿನವರೆಲ್ಲ ನುಗ್ಗುವ ಜಾಗ. ಎರಡು ವರ್ಷದ ಹಿಂದೆ ಆಳ್ವರಿಗೆ ಪಾರ್ಶ್ವವಾಯು ಬಡಿದು ಬಲಗಡೆ ಹೋಯಿತು, ಮಾತೂ ಹೋಯಿತು. ಮಲಗಿರುವುದು ಹಿಂದಿನ ಮಾಳಿಗೆಯ ಕೋಣೆಯಲ್ಲಿ. ಅದರ ಕಿಟಕಿ ಗುಡ್ಡೆಯ ಕಡೆಗೆ, ಹೋಟೆಲಿನ ಸದ್ದು ಅಲ್ಲಿಗೆ ಮುಟ್ಟುವುದಿಲ್ಲ. ಕೆಳಗೆ ಮಲಗಿಸೋಣವೆಂದರೆ ಗಿರಾಕಿಗಳ ಕಣ್ಣಿಗೆ ಹೀಗೆ ಬೀಳುವುದಕ್ಕೆ ಅವರು ಒಪ್ಪಲಿಲ್ಲ. ಮಗಳು ಗುಣವತಿ ಗಲ್ಲೆಯಲ್ಲಿ ಕೂರಬೇಕು, ಅಪ್ಪನನ್ನೂ ನೋಡಬೇಕು. ಬಹ್ರೈನ್‌ನಲ್ಲಿರುವ ಅವರ ಗಂಡ ಮೋಹನದಾಸ್ ಈ ಫೋನು ತಂದುಕೊಟ್ಟರು. ಬೇಸನ್ನು ಗಲ್ಲೆಯಲ್ಲಿಟ್ಟು ಅದರ ಇಂಟರ್‌ಕಾಮ್ ಬಟನ್ ಒತ್ತಿದರೆ ಹೋಟೆಲಿನ ಮಾತೆಲ್ಲ ಮೇಲಿನ ಹ್ಯಾಂಡ್‌ಸೆಟ್ಟಿನಲ್ಲಿ ಕೇಳುತ್ತದೆ.

ಅಲ್ಲಿಂದ ಆಳ್ವರ ದಿನಚರಿಯೇ ಬದಲಾಯಿತಂತೆ. ಎಡಗೈಯಲ್ಲಿ ಹ್ಯಾಂಡ್‌ಸೆಟ್ಟು ಕಿವಿಗಿಟ್ಟುಕೊಂಡು, ತಾವು ಕಟ್ಟಿ ಬೆಳೆಸಿದ ಹೋಟೆಲನ್ನು ಬೆಳಗ್ಗಿನಿಂದ ಸಂಜೆಯವರೆಗೆ ಕೇಳುತ್ತ ಮಲಗುವುದು. ಚಟ್ನಿ ಸಾಲದೆಂದು ಯಾರಾದರೂ ಗೊಣಗಿದರೆ ಮೇಲಿನಿಂದ ಕರೆಯ ಬಟನ್ ಒತ್ತಿ ಮಗಳನ್ನು ಎಚ್ಚರಿಸುತ್ತಿದ್ದರು.

ಮೂರು ದಿನದ ಹಿಂದೆ ಆ ಹ್ಯಾಂಡ್‌ಸೆಟ್ಟು ಕೈಜಾರಿ ಗಂಜಿಯ ಬಟ್ಟಲಿಗೆ ಬಿದ್ದಿತು. ಗುಣವತಿ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಇಲ್ಲಿಗೆ ಓಡಿಬಂದದ್ದನ್ನು ಸೆವರಿನ್ ಹೇಳುತ್ತಾರೆ: "ನೀರಾದ್ರೆ ಒಣಗ್ತಿತ್ತು. ಗಂಜಿ ಮಾರಾಯ್ರೆ, ಗಂಜಿ! ಅದರಲ್ಲಿ ಉಪ್ಪಿನಕಾಯಿ ಬೇರೆ. ಒಳಗೆ ಎಲ್ಲ ತಿಂದುಹಾಕಿದೆ."

ಅಂದಿನಿಂದ ಆಳ್ವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಾರೆ. ಚಮಚ ಬಾಯಿಯ ಹತ್ತಿರ ತಂದರೆ ತುಟಿ ಬಿಗಿಯುತ್ತಾರೆ. ಹೀಗೇ ಹೊಟ್ಟೆಗೆ ಹೋಗದಿದ್ದರೆ ಆಸ್ಪತ್ರೆಗೆ ಸೇರಿಸಬೇಕೆಂದು ಡಾಕ್ಟರು ಹೇಳಿದ್ದಾರೆ. ಆಸ್ಪತ್ರೆಗೆ ಹೋದ ಅಪ್ಪ ಮತ್ತೆ ಮಾಳಿಗೆ ಹತ್ತುವುದಿಲ್ಲವೆಂದು ಗುಣವತಿಗೆ ಹೆದರಿಕೆ. ಕರೆಯಲು ಒಂದು ಕರೆಂಟಿನ ಬೆಲ್ಲು ಹಾಕಿಸಿ ನೋಡಿದರು. ಅವರು ಒಮ್ಮೆಯೂ ಒತ್ತಲಿಲ್ಲ.

"ಬೆಲ್ಲಿನಲ್ಲಿ ಹೋಟೆಲು ಕೇಳುದಿಲ್ವಲ್ಲ ಬಾಯಮ್ಮ," ಎಂದು ಮರುದಿನ ಮತ್ತೆ ಬಂದ ಗುಣವತಿ ಇದೇ ಜಗಲಿಯಲ್ಲಿ ಕಣ್ಣೊರೆಸಿಕೊಂಡರಂತೆ.

ಆ ಮಾತಿನ ನಡುವೆ ಕಾರ್ಮಿನ್ ಬಾಯಿ ಕೇಳಿದ್ದು ಒಂದೇ ಪ್ರಶ್ನೆ. "ಯಾವ ಆಳ್ವರು? ಸಂಜೆ ಬೊಂಬಾಯಿಗೆ ಮಾತಾಡ್ತಿದ್ದ ಆಳ್ವರಾ?"

ಇಲ್ಲಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೋಗುವುದಕ್ಕೆ ನನಗೂ ಇಷ್ಟ.

ಈಗ ಎಸ್ಟೀಡಿ ಬಂದಿದೆ. ಬೆರಳಿನಿಂದ ನಂಬರು ತಿರುಗಿಸಿದರೆ ಬೊಂಬಾಯಿಯವರು ಎತ್ತುತ್ತಾರೆ, ಊಟದ ನಡುವೆಯೂ ಎತ್ತಿಸಬಹುದು. ಎಪ್ಪತ್ತರ ದಶಕದಲ್ಲಿ ಹಾಗಿರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಮಾಡಿ, ಫೋನಿರುವ ಮನೆಯ ಚಾವಡಿಯಲ್ಲಿ ಕಾಯಬೇಕಿತ್ತು. ಮಾತಾಡುವವರು ಇಸ್ತ್ರಿಯ ಅಂಗಿ ಹಾಕಿಕೊಂಡು ಬರುತ್ತಿದ್ದರು, ಆ ಕಡೆಯವರಿಗೆ ಕಾಣಿಸುತ್ತದೋ ಎಂಬ ಹಾಗೆ. ಮನೆಯವರು ಕಾಯುವವರಿಗೆ ಚಾ ಕೊಡುತ್ತಿದ್ದರು. ಗಂಟೆ ಬಾರಿಸಿದರೆ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುವುದು. ಉಡುಪಿಗಾದರೆ ಸಾಧಾರಣ ದನಿ, ಬೆಂಗಳೂರಿಗೆ ಜೋರು, ಬೊಂಬಾಯಿಗೆ ರಸ್ತೆಯವರಿಗೂ ಕೇಳುವಷ್ಟು. ಮಳೆಗಾಲದಲ್ಲಿ ಲೈನು ಕೆಟ್ಟರೆ ದಿನಗಟ್ಟಲೆ ಯಾರಿಗೂ ಯಾರೂ ಇಲ್ಲ. ಆಗ ಬೈದುಕೊಳ್ಳುತ್ತ ಕಾದಿದ್ದೆವು. ಈಗ ಆ ಕಾಯುವುದೇ ಬೇಕೆನಿಸುತ್ತದೆ. ಮೂರು ನಿಮಿಷದ ಮಾತಿಗೆ ಅರ್ಧ ದಿನ ತಯಾರಾಗುತ್ತಿದ್ದ ನಾವು, ಈಗ ಅರ್ಧ ಗಂಟೆ ಮಾತಾಡಿ ಏನು ಮಾತಾಡಿದೆವೆಂದು ಮರೆಯುತ್ತೇವೆ.

ಆ ಕಾಲದಲ್ಲಿ ನಮ್ಮ ಎಲ್ಲ ಮಾತೂ ಹಾದುಹೋಗುತ್ತಿದ್ದದ್ದು ಕಾರ್ಮಿನ್ ಬಾಯಿಯಂಥವರ ಕೈಯಿಂದ. ಎಪ್ಪತ್ತೊಂದರಲ್ಲಿ ಟ್ರಂಕ್ ಎಕ್ಸ್‌ಚೇಂಜಿನ ಆಪರೇಟರ್ ಆಗಿ ಸೇರಿದರು. ತಲೆಗೆ ಹೆಡ್‌ಸೆಟ್ಟು, ಎದುರಿಗೆ ತೂತುಗಳ ಗೋಡೆ, ಎರಡೂ ಕೈಯಲ್ಲಿ ಪ್ಲಗ್ಗುಗಳ ಬಳ್ಳಿ. ಹೆಡ್‌ಸೆಟ್ಟಿನ ಪಟ್ಟಿ ಕೂತ ಜಾಗದಲ್ಲಿ ಅವರ ಕೂದಲು ಇಂದಿಗೂ ಬೇರೆ ದಾರಿ ಹಿಡಿಯುತ್ತದೆ. ಮೊದಲ ದಿನ ಅವರಿಗೆ ಕಲಿಸಿದ ಪಾಠವನ್ನು ಪಕ್ಕದ ಹಲಸಿನ ಮರಕ್ಕೂ ಕಲಿಸುವ ಹಾಗೆ ಬೆರಳೆತ್ತಿ ಹೇಳುತ್ತಾರೆ.

"ಎರಡೂ ಕಡೆಯ ಹಲೋ ಕೇಳ್ಬೇಕು. ಹಲೋ ಬಾರದೆ ಬಿಡ್ಲಿಕ್ಕಿಲ್ಲ. ಹಲೋ ಕೇಳಿದ ಮೇಲೆ ಕೀ ಎತ್ತಿ ಕಿವಿ ತೆಗೀಬೇಕು. ಒಳಗೆ ಎಂತ ಮಾತಾಡ್ತಾರೆ ಅಂತ ನಮಗೆ ಬೇಡ. ಅದು ಅವರದ್ದು."

ಹಾಗಾಗಿ ಊರಿನ ಅರ್ಧ ಜನರನ್ನು ಅವರು ಬಲ್ಲರು, ಒಂದೊಂದು ಹಲೋದಷ್ಟು ಮಾತ್ರ. ಸಂಕಪ್ಪ ಆಳ್ವರು ದಿನಾ ಸಂಜೆ ಬೊಂಬಾಯಿಗೆ, ಅಲ್ಲಿ ಹೋಟೆಲಿಟ್ಟಿದ್ದ ಅಣ್ಣನಿಗೆ, ಟ್ರಂಕ್ ಮಾಡುತ್ತಿದ್ದರು. ಮುಖ ಇವರು ನೋಡಿಯೇ ಇಲ್ಲ. "ಅವರ ಹಲೋ ಗೊತ್ತುಂಟು. 'ಹಾ' ಅಂತ ಉದ್ದಕ್ಕೆ ಎಳೆದು ಆಮೇಲೆ 'ಲೋ'. ಚಾ ಎತ್ತರದಿಂದ ಹೊಯ್ದ ಹಾಗೆ."

ದಿನಾ ಅಣ್ಣನ ಹತ್ತಿರ ಏನು ಮಾತಾಡುತ್ತಿದ್ದರು ಎಂದು ಕೇಳುತ್ತೇನೆ. ಪತ್ರಿಕೆಯವರ ಚಟ. ಕಾರ್ಮಿನ್ ಬಾಯಿ ನನ್ನನ್ನು ನೋಡುವ ನೋಟದಲ್ಲಿ ಹಳೆಯ ಸರಕಾರಿ ಆಪರೇಟರ್ ಎದ್ದು ಬರುತ್ತಾರೆ.

"ಅದು ನನಗೆ ಹೇಗೆ ಗೊತ್ತಿರುದು? ಕಿವಿ ತೆಗೆದಿದ್ದೆ ಅಂತ ಹೇಳಿದೆನಲ್ಲ!"

ಎಂಬತ್ತರ ಈಚೆಗೆ ಟ್ರಂಕ್ ಕಾಲುಗಳು ಇಳಿದವು. ಅವರನ್ನು ಬೇರೆ ವಿಭಾಗಕ್ಕೆ, ಕಾಗದಕ್ಕೆ ಸೀಲು ಹೊಡೆಯುವ ಕೆಲಸಕ್ಕೆ ಹಾಕಿದರು. ಒಂದು ಮಳೆಗಾಲ ಹೊಡೆದರು. "ಅಲ್ಲಿ ಯಾರೂ ಹಲೋ ಹೇಳುದಿಲ್ಲ," ಎಂದು ಬಿಟ್ಟುಬಂದರು. ತಮ್ಮನ ಪಕ್ಕದಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತರು. ಮೊದಲ ತಂತಿಯಿಲ್ಲದ ಫೋನು ಅಂಗಡಿಗೆ ಬಂದು, ಸೆವರಿನ್ ತಲೆ ಕೆರೆದುಕೊಂಡು ಕೂತಿದ್ದಾಗ, ಡಬ್ಬಿಯ ರಿಸೀವರಿಗೆ ಕಿವಿಯಿಟ್ಟು "ಇದು ಹಾಡ್ತಾ ಉಂಟು" ಎಂದವರು ಅಕ್ಕ.

ಈಗ ಶುಕ್ರವಾರದ ಕತೆ, ಅಂದರೆ ನಿನ್ನೆಯದು. ಗಂಜಿ ಕುಡಿದ ಹ್ಯಾಂಡ್‌ಸೆಟ್ಟನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಅಂಗಳದಲ್ಲಿ ಹಲಸಿನ ಹಪ್ಪಳದ ಚಾಪೆಯ ತುದಿಯಲ್ಲಿ ಒಣಗಲು ಇಟ್ಟಿದ್ದರು. ನಿನ್ನೆ ಬೆಳಗ್ಗೆ ಬ್ಯಾಟರಿ ಮುಟ್ಟಿಸಿದಾಗ ಅದು ಒಂದು ಉಸಿರಿನಷ್ಟು ಹೊತ್ತು ಕೂಗಿತು, ಚಟ್ ಎಂದಿತು, ಮತ್ತೆ ಏಳಲಿಲ್ಲ. ಆ ಒಂದು ಉಸಿರಿನಲ್ಲಿ ಕಾರ್ಮಿನ್ ಬಾಯಿ ಸ್ವರ ಹಿಡಿದರು. ಮೇಲೆ ಎಲ್ಲೋ ಇದ್ದ ಸಣ್ಣ ಸ್ವರವನ್ನು ತಮ್ಮ ಗಂಟಲಿಗೆ ಒಗ್ಗುವ ಕೆಳಗಿನ ಸ್ಥಾಯಿಗೆ ಇಳಿಸಿ ಗುನುಗತೊಡಗಿದರು.

"ಮೇಜಿನ ಮೇಲೆ ಟೇಪ್ ರೆಕಾರ್ಡರು ಎರಡಿತ್ತು," ಎನ್ನುತ್ತಾರೆ ಸೆವರಿನ್, ತಪ್ಪು ತಮ್ಮದಲ್ಲ ಎಂಬ ಮುಖ ಮಾಡಿ. "ಎರಡರ ಹೊಟ್ಟೆಯೂ ಬಿಚ್ಚಿಟ್ಟಿದ್ದೆ. ಅದು ಕೂಗ್ತದೆ ಅಂತ ಯಾರಿಗೆ ಗೊತ್ತು?"

ಸ್ವರ ಗುರುತಿಟ್ಟುಕೊಳ್ಳಲು ಹಾರ್ಮೋನಿಯಂ ಇತ್ತು. ಒಳಕೋಣೆಯಲ್ಲಿ ನೇರಳೆ ಬಟ್ಟೆ ಹೊದ್ದು ಕೂತಿದೆ. ಇವರ ಅಪ್ಪ ಇಗರ್ಜಿಯ ಹಾಡುಗಾರರ ಗುಂಪು ನಡೆಸಿದವರು. ತಪಸ್ಸಿನ ಕಾಲ ಸುರುವಾಗುವ ವಿಭೂತಿ ಬುಧವಾರ ಮುಚ್ಚಿದ ಹಾರ್ಮೋನಿಯಮ್ಮನ್ನು ಈಸ್ಟರಿನವರೆಗೆ ಮುಟ್ಟಬಾರದೆಂಬುದು ಅವರು ಮನೆಯಲ್ಲಿ ಮಾಡಿದ ಕ್ರಮ. ಅಪ್ಪ ತೀರಿಕೊಂಡದ್ದೂ ಒಂದು ತಪಸ್ಸಿನ ಕಾಲದಲ್ಲಿ. ಆಗಲೂ ತೆರೆಯಲಿಲ್ಲ, ಬರೀ ಬಾಯಿಯಲ್ಲಿ ಹಾಡಿ ಕಳಿಸಿಕೊಟ್ಟರು. ನಿನ್ನೆ ಸೆವರಿನ್ "ಕರಿಯೋ ಬಿಳಿಯೋ ಒಂದು ಮನೆ ಒತ್ತಿ ನೋಡು ಬಾಯ್, ದೇವರು ಎಂತ ಹೇಳುದಿಲ್ಲ" ಎಂದರಂತೆ. ಅಕ್ಕ ಗುನುಗು ನಿಲ್ಲಿಸದೆ ಕಣ್ಣು ಕೆಂಪು ಮಾಡಿದರು. ದೇವರು ಹೇಳುವುದಿಲ್ಲ, ಅಪ್ಪ ಹೇಳುತ್ತಾರೆ ಎಂದು ಆ ಕಣ್ಣಿನ ಅರ್ಥ ಎಂದು ಸೆವರಿನ್ ನನಗೆ ಬಿಡಿಸಿ ಹೇಳುತ್ತಾರೆ.

ಸ್ವರ ಸಿಕ್ಕಿತು, ಅದನ್ನು ಕಲಿಸಲು ಹ್ಯಾಂಡ್‌ಸೆಟ್ಟು ಬೇಕು. ಅದು ಇದ್ದದ್ದು ಮೇಲಿನ ಓಣಿಯ ಅಲ್ಫೋನ್ಸರ ಮನೆಯಲ್ಲಿ. ಕಳೆದ ವರ್ಷ ಸಿಡಿಲಿಗೆ ಅವರ ಬೇಸು ಸುಟ್ಟು, ಕಪ್ಪು ಹ್ಯಾಂಡ್‌ಸೆಟ್ಟು ಕಪಾಟಿನಲ್ಲಿ ಒಂಟಿಯಾಗಿತ್ತು. ಆದರೆ ಮನೆಗೆ ಬೀಗ. ಅಲ್ಫೋನ್ಸರು ಸಿಗುವುದು ಸಂಜೆ, ಇಗರ್ಜಿಯಲ್ಲಿ. ಹಾಗಾಗಿ ಕಾರ್ಮಿನ್ ಬಾಯಿ ಇಡೀ ದಿನ ಗುನುಗುತ್ತ ಕಳೆದರು. ಬಾವಿಕಟ್ಟೆಯಲ್ಲಿ ಗುನುಗಿದರು, ಮೀನು ಮಾರುವವಳಿಗೆ ಕೈಸನ್ನೆಯಲ್ಲೇ ಬೇಡವೆಂದರು, ಉಪವಾಸದ ಊಟದಲ್ಲಿ ತುತ್ತಿಗೂ ತುತ್ತಿಗೂ ನಡುವೆ ಗುನುಗಿದರು. ಮಾತಾಡಿಸಬಾರದೆಂದು ಸೆವರಿನ್ ರೇಡಿಯೋ ಕೂಡ ಹಾಕಲಿಲ್ಲ. "ವಾರ್ತೆ ಇಲ್ಲ, ಹಾಡು ಇಲ್ಲ, ಮನೆಯಲ್ಲಿ ಒಂದು ದುಂಬಿ ಸಾಕಿದ ಹಾಗೆ ಆಗಿತ್ತು."

ಸಂಜೆ ಇಗರ್ಜಿಯಲ್ಲಿ ಶಿಲುಬೆಯ ಹಾದಿ. ಗೋಡೆಯುದ್ದಕ್ಕೆ ಹದಿನಾಲ್ಕು ಚಿತ್ರಗಳು. ಒಂದೊಂದರ ಮುಂದೆ ನಿಂತು ಪ್ರಾರ್ಥಿಸಿ, ಒಂದು ಚರಣ ಹಾಡುತ್ತ ಮುಂದಿನದಕ್ಕೆ ನಡೆಯುವುದು. ಅಪ್ಪನ ಕಾಲದಿಂದ ಈ ಗುಂಪು ತಪಸ್ಸಿನ ಕಾಲದ ಶುಕ್ರವಾರಗಳಲ್ಲಿ ವಾದ್ಯವಿಲ್ಲದೆ ಹಾಡುತ್ತದೆ. ಕಾರ್ಮಿನ್ ಬಾಯಿ ಹಾಡಲಿಲ್ಲ. ತುಟಿ ಮುಚ್ಚಿ, ತಮ್ಮ ಸ್ವರವನ್ನು ತಾವೇ ಹಿಡಿದುಕೊಂಡು, ಸಾಲಿನಲ್ಲಿ ನಡೆದರು. ಗಂಟಲು ಕೆಟ್ಟಿದೆಯೇ ಎಂದು ಪಕ್ಕದವರು ಕಣ್ಣಿನಲ್ಲೇ ಕೇಳಿದರು.

ಅಲ್ಫೋನ್ಸರಿಂದ ಹ್ಯಾಂಡ್‌ಸೆಟ್ಟು ಪಡೆದು ಮನೆಗೆ ಬಂದು, ಹಳೆಯದರ ಅಲೆ ಹಿಡಿಯುವ ಹರಳನ್ನು ಇದಕ್ಕೆ ಹಾಕಿ, ಹೆಣಿಗೆ ಕಡ್ಡಿಯಿಂದ ಒಳಗಿನ ಸಣ್ಣ ತಿರುಪು ತಿರುಗಿಸಿ, ತಮ್ಮ ಗಂಟಲಿನ ಸ್ವರಕ್ಕೆ ಸರಿಯಾಗಿ ಕೂರಿಸಿದರು. ಬೇಸು ಕಮಕ್ ಕಿಮಕ್ ಎನ್ನಲಿಲ್ಲ.

ತಿರುಪನ್ನು ತಿರುಗಿಸುತ್ತ ಹೋದರೆ ಎಲ್ಲೋ ಒಂದು ಕಡೆ ಸಿಕ್ಕೀತಲ್ಲ ಎಂದು ನಾನು ಬುದ್ಧಿವಂತಿಕೆ ತೋರಿಸುತ್ತೇನೆ.

"ಬೇಸಿಗೆ ಸ್ವರ ಒಂದೇ ಕಡೆ ನಿಂತು ಕೇಳ್ಬೇಕು, ಆಗ ತೆರೀತದೆ. ತಿರುಗಿಸ್ತಾ ಇದ್ರೆ ಅದಕ್ಕೆ ಎಂತ ಗೊತ್ತಾಗ್ತದೆ? ಮತ್ತೆ ಈ ತಿರುಪು ನಲ್ಲಿಯ ಹಾಗೆ ತಿರುಗಿಸ್ಲಿಕ್ಕೆ ಮಾಡಿದ್ದಲ್ಲ. ನಾಲ್ಕೈದು ಸಲ ಆದ್ರೆ ತೇದು ಹೋಗ್ತದೆ. ನಿನ್ನೆಯೇ ಎರಡು ಸಲ ಆಯ್ತು. ಇದು ಹೋದ್ರೆ ಇನ್ನೊಂದು ಸೆಟ್ಟು ಎಲ್ಲಿಂದ ತರುದು? ಅಷ್ಟರಲ್ಲಿ ಆಳ್ವರು?"



ಎಲ್ಲಿ ತಪ್ಪಿತೆಂದು ಅವರಿಗೆ ಹೊಳೆದದ್ದು ಇವತ್ತು ಏಳುವಾಗ. ನಾಚಿಕೆಯಿಂದ ನಗುತ್ತಲೇ ಹೇಳುತ್ತಾರೆ: "ವಾದ್ಯ ಇಲ್ಲದೆ ಹಾಡಿದ್ರೆ ಗುಂಪು ಇಳೀತದೆ. ಮೊದಲ ಚಿತ್ರದ ಮುಂದೆ ಒಂದು ಸ್ವರ, ಕೊನೆಯದಕ್ಕೆ ಮುಟ್ಟುವಾಗ ಅದು ಎಲ್ಲೋ ಕೆಳಗೆ. ನಾನು ಹಾಡ್ಲೇ ಇಲ್ಲ, ಸರಿ. ಆದ್ರೆ ಗಂಟಲಿಗೆ ಬುದ್ಧಿ ಉಂಟಾ? ಪಕ್ಕದವರು ಇಳಿದ್ರೆ ನಾವೂ ಇಳೀಬೇಕು, ಇಲ್ಲದಿದ್ರೆ ಹಾಡು ಒಡೀತದೆ ಅಂತ ಅಪ್ಪ ಕಲಿಸಿದ್ದು. ಹಾಗೆ ನನ್ನ ಸ್ವರವೂ ಅವರೊಟ್ಟಿಗೆ ಇಳಿದು ಬಂತು."

ಅಂದರೆ ಇಳಿದದ್ದು ಒಂದೊಂದೇ ಮೆಟ್ಟಿಲಾಗಿ. ಆ ಮೆಟ್ಟಿಲುಗಳನ್ನೇ ಹಿಂದಕ್ಕೆ ಹತ್ತಿದರೆ ಹೊರಟ ಜಾಗ ಸಿಗಬೇಕು. ಕೆಳಗಿನ ಮೆಟ್ಟಿಲು ಹ್ಯಾಂಡ್‌ಸೆಟ್ಟಿನಲ್ಲೇ ಇದೆ, ಹಾಗಾಗಿ ನಿನ್ನೆಯಂತೆ ಇವತ್ತು ಬಾಯಿ ಕಟ್ಟಿಕೊಳ್ಳಬೇಕಿಲ್ಲ. ನಾನು ಬಂದಾಗ ನೋಡಿದ್ದು ಅದನ್ನೇ. ಶಿಲುಬೆಯ ಹಾದಿಯನ್ನು ಅವರು ಕೊನೆಯಿಂದ ಮೊದಲಿಗೆ ನಡೆಯುತ್ತಿದ್ದರು. ಇಷ್ಟು ವರ್ಷ ಪ್ರತಿ ಚಿತ್ರದ ಮುಂದೆ ಗುಂಪು ಎಷ್ಟು ಇಳಿಯುತ್ತದೆಂದು ಆ ಗಂಟಲಿಗೆ ಗೊತ್ತಿದೆ. ಗೊತ್ತಿದ್ದಷ್ಟು ಮೇಲಕ್ಕೆತ್ತಿ ಹಿಂದಿನ ಚರಣ. ಗುನುಗು. ಮತ್ತೆ ಅದರ ಹಿಂದಿನದು.

ಅವರು ಮೊದಲ ಚರಣಕ್ಕೆ ಬರುವಷ್ಟರಲ್ಲಿ ಬೆಳಕು ಅಂಗಳಕ್ಕೆ ಇಳಿದಿದೆ. ಗುನುಗು ಒಂದು ಕಡೆ ನಿಲ್ಲುತ್ತದೆ. ಈ ಸಲ ತಲೆ ಅಲ್ಲಾಡಿಸುವುದಿಲ್ಲ. ಗುನುಗುತ್ತಲೇ ಬಂದು ಮೇಜಿನ ಮುಂದೆ ಕೂರುತ್ತಾರೆ. ಸೆವರಿನ್ ಡಬ್ಬಿಯ ರಿಸೀವರನ್ನು ದೊಡ್ಡದು ಮಾಡುತ್ತಾರೆ. ಹೆಣಿಗೆ ಕಡ್ಡಿಯ ತುದಿ ತಿರುಪನ್ನು ಹುಡುಕುತ್ತದೆ. ರಿಸೀವರಿನ ಸಣ್ಣ ಕೂಗು ಒಂದಿಷ್ಟು ಏರಿ, ಗಂಟಲಿನ ದನಿಯೊಳಗೆ ಸೇರಿ, ಎರಡು ಇದ್ದದ್ದು ಒಂದಾದ ಹಾಗೆ ಕೇಳುತ್ತದೆ. ಕಾರ್ಮಿನ್ ಬಾಯಿ ಕೈ ಹಿಂದಕ್ಕೆ ತೆಗೆಯುತ್ತಾರೆ.

ಟಕ್.

ಬೇಸಿನ ಕೆಂಪು ದೀಪ ಹತ್ತಿಕೊಳ್ಳುತ್ತದೆ. "ಸಾಯ್ಬಾ!" ಎಂದು ಸೆವರಿನ್ ದೇವರನ್ನು ಕೂಗಿ ಎದೆಗೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಅಕ್ಕ ಹಾಕಿಕೊಳ್ಳುವುದಿಲ್ಲ. ಬಾವಿಕಟ್ಟೆಗೆ ಹೋಗಿ ಒಂದು ಚೆಂಬು ನೀರು ಕುಡಿದು ಬಂದು, ಕಪ್ಪು ಹ್ಯಾಂಡ್‌ಸೆಟ್ಟಿನ ಕರೆಯ ಬಟನ್ನಿನ ಮೇಲೆ ಅಂಗಿಯ ಗುಂಡಿಯೊಂದನ್ನು ಅಂಟಿಸುತ್ತಾರೆ. ಎಡಗೈಯ ಹೆಬ್ಬೆರಳಿಗೆ ಹುಡುಕದೆ ಸಿಗಬೇಕಲ್ಲ.

ಬಸ್ಸಿನಲ್ಲಿ ಅವರ ಮಡಿಲಲ್ಲಿ ಬೇಸು, ನನ್ನ ಮಡಿಲಲ್ಲಿ ಹ್ಯಾಂಡ್‌ಸೆಟ್ಟು. ನಿನ್ನೆಯ ಮೌನದ ಬಾಕಿ ತೀರಿಸುವ ಹಾಗೆ ಅವರು ದಾರಿಯುದ್ದಕ್ಕೂ ಮಾತಾಡುತ್ತಾರೆ. ಈಸ್ಟರಿಗೆ ಹಾರ್ಮೋನಿಯಂ ತೆರೆದಾಗ ಮೊದಲು ಮಾಡುವ ಕೆಲಸ ಯಾವುದೆಂದು ಕೇಳಿದರೆ, "ಈ ಸ್ವರ ಯಾವ ಮನೆಯಲ್ಲಿ ಉಂಟು ಅಂತ ಒಮ್ಮೆ ಒತ್ತಿ ನೋಡ್ಬೇಕು. ಅಷ್ಟೇ ಆಸೆ. ಅಪ್ಪನಿಗೂ ಕೇಳ್ಲಿ" ಎನ್ನುತ್ತಾರೆ.

ಕದ್ರಿಯ ಹೋಟೆಲಿನಲ್ಲಿ ಬೆಳಗಿನ ಗದ್ದಲ. ಗುಣವತಿ ನಮ್ಮನ್ನು ಕಂಡು ಗಲ್ಲೆಯಿಂದ ಎದ್ದುಬರುತ್ತಾರೆ. ರಾತ್ರಿಯೂ ಒಂದು ಚಮಚ ಹೋಗಿಲ್ಲವಂತೆ. ಇವತ್ತು ಹೀಗೇ ಆದರೆ ಮಧ್ಯಾಹ್ನ ಆಸ್ಪತ್ರೆಯ ಗಾಡಿ ಬರುತ್ತದೆ. ಹ್ಯಾಂಡ್‌ಸೆಟ್ಟು ಹಿಡಿದು ಅವರು ಮಾಳಿಗೆ ಹತ್ತುತ್ತಾರೆ, ನಾನು ಹಿಂದೆ. ಕಾರ್ಮಿನ್ ಬಾಯಿ ಮೇಲೆ ಬರುವುದಿಲ್ಲ. ಬೇಸಿನ ಪಕ್ಕ, ಗಲ್ಲೆಯಲ್ಲಿ ನಿಲ್ಲುತ್ತಾರೆ.

ಗೋಡೆಯ ಕಡೆ ತಿರುಗಿದ ಒಂದು ಬೆನ್ನು, ಅಷ್ಟೇ ಕಾಣುವುದು. "ಅಪ್ಪ, ಫೋನ್ ಬಂತು," ಎಂದು ಗುಣವತಿ ಕಪ್ಪು ಹ್ಯಾಂಡ್‌ಸೆಟ್ಟನ್ನು ದಿಂಬಿನ ಮೇಲಿಡುತ್ತಾರೆ. ಎಡಗೈ ಬಂದು ಮುಟ್ಟಿ ನೋಡಿ, ತನ್ನದಲ್ಲವೆಂದು ತಿಳಿದು, ದೂರ ತಳ್ಳುತ್ತದೆ. ಗುಣವತಿಯ ಮುಖ ನೋಡಲು ನನ್ನಿಂದ ಆಗುವುದಿಲ್ಲ. ಗಂಜಿ ಬಿಸಿ ಮಾಡಿ ತರುತ್ತೇನೆಂದು ಅವರು ಕೆಳಗಿಳಿಯುತ್ತಾರೆ.

ಆಗ ಹ್ಯಾಂಡ್‌ಸೆಟ್ಟು ಕರಕರ ಎನ್ನುತ್ತದೆ. ಅದರೊಳಗಿನಿಂದ ಬರುವ ದನಿಯನ್ನು ನಾನು ಬೆಳಗ್ಗಿನಿಂದ ಒಮ್ಮೆಯೂ ಕೇಳಿಲ್ಲ. ಜಗಲಿಯ ಕಾರ್ಮಿನ್ ಬಾಯಿಯದಲ್ಲ, ತೆಳುವಾದ, ನೇರವಾದ, ಯಾವ ಊರಿನದೂ ಅಲ್ಲದ ದನಿ. ಎಪ್ಪತ್ತರ ದಶಕದ ದನಿ.

"ಆಳ್ವರೆ, ಟ್ರಂಕ್. ಲೈನ್ ಸಿಕ್ಕಿದೆ, ಮಾತಾಡಿ."

ಬೆನ್ನು ಅಲ್ಲಾಡುತ್ತದೆ. ಬಹಳ ನಿಧಾನವಾಗಿ ಮುಖ ಈ ಕಡೆ ಬರುತ್ತದೆ. ಕಣ್ಣು ನನ್ನನ್ನು ನೋಡುತ್ತಿಲ್ಲ, ಎಲ್ಲೋ ಬೇರೆ ಕಡೆ ಇದೆ. ಎಡಗೈ ತಾನು ತಳ್ಳಿದ್ದನ್ನು ಹುಡುಕಿ ಎತ್ತಿ ಕಿವಿಗಿಡುತ್ತದೆ, ಹೆಬ್ಬೆರಳು ಅಂಗಿಯ ಗುಂಡಿಯ ಮೇಲೆ ಕೂರುತ್ತದೆ. ತುಟಿ ತೆರೆಯುತ್ತದೆ. ಎರಡು ವರ್ಷ ಏನೂ ಹೊರಡದ ಗಂಟಲಿನಿಂದ ಒಂದು ಉದ್ದನೆಯ "ಹಾ" ಹೊರಡುತ್ತದೆ. ಉಳಿದದ್ದು ಬರುವುದಿಲ್ಲ. ಬರಿಸಲು ಅವರು ಪಡುವ ಕಷ್ಟ ನೋಡಿ ನನ್ನ ಕಣ್ಣು ತುಂಬುತ್ತದೆ.

ಲೈನಿನ ಆ ಕಡೆಯಿಂದ ಸಣ್ಣದೊಂದು ಸದ್ದು, ಯಾರೋ ಬೇಸಿನ ಮುಂದಿನಿಂದ ಸರಿದ ಹಾಗೆ. ಮತ್ತೆ ಹ್ಯಾಂಡ್‌ಸೆಟ್ಟಿನ ತುಂಬ ಹೋಟೆಲು: ಲೋಟಗಳು, ಚಿಲ್ಲರೆ, "ಎರಡು ಬನ್ಸ್, ಒಂದು ಚಾ!" ಆಳ್ವರು ಕಣ್ಣು ಮುಚ್ಚಿ ಕೇಳುತ್ತಾರೆ. ಗುಣವತಿ ಗಂಜಿಯ ಬಟ್ಟಲು ಹಿಡಿದು ಬಂದು ಕೂತಾಗ, ಹ್ಯಾಂಡ್‌ಸೆಟ್ಟನ್ನು ಬಟ್ಟಲಿನಿಂದ ಸಾಧ್ಯವಾದಷ್ಟು ದೂರ ಹಿಡಿದುಕೊಂಡು, ಬಾಯಿ ತೆರೆಯುತ್ತಾರೆ.

ನಾನು ಇಳಿದು ಬರುವಾಗ ಕಾರ್ಮಿನ್ ಬಾಯಿ ಗಲ್ಲೆಯ ಹತ್ತಿರ ಇಲ್ಲ. ರಸ್ತೆಯಾಚೆ ಬಸ್ ಸ್ಟಾಪಿನಲ್ಲಿ, ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾರೆ. ಮೇಲೆ ನಡೆದದ್ದನ್ನೆಲ್ಲ ಅವರಿಗೆ ಹೇಳಬೇಕೆಂದು ನಾನು ಓಡುತ್ತಲೇ ರಸ್ತೆ ದಾಟುತ್ತೇನೆ.

"ಅವರು 'ಹಾ' ಅಂತ ಅಷ್ಟೇ..." ಎಂದು ಸುರು ಮಾಡುತ್ತೇನೆ.

"ಹಲೋ ಬಂತು. ನನಗೆ ಕೇಳಿತು," ಎಂದು ಅವರು ಕೈ ಎತ್ತಿ ನನ್ನನ್ನು ನಿಲ್ಲಿಸುತ್ತಾರೆ. "ಆಮೇಲೆ ಎಂತ ಆಯ್ತು ಅಂತ ನನಗೆ ಹೇಳ್ಬೇಡಿ ಮಾರಾಯ್ರೆ. ಕಿವಿ ತೆಗೆದು ಆಯ್ತು."